ಎರಡೂವರೆ ಸಾವಿರದಲ್ಲೊಂದು ಆಮೆ

ಉಪ್ಪುಂದದ ಬಲೆ ಅಂಗಡಿ ರತೀಶನಿಗೆ ಯಾವ ದುಶ್ಚಟವೂ ಇರಲಿಲ್ಲ. ಇದ್ದಿದ್ದರೆ ಈ ಕಥೆಯೇ ಹುಟ್ಟುತ್ತಿರಲಿಲ್ಲ. ಕುಡಿಯುವವನಿಗೆ, ಇಸ್ಪೀಟು ಆಡುವವನಿಗೆ ಮೊಬೈಲು ನೋಡಲು ಅಷ್ಟೊಂದು ಪುರಸೊತ್ತು ಎಲ್ಲಿಂದ ಬರಬೇಕು? ಮಳೆಗಾಲದಲ್ಲಿ ದೋಣಿಗಳೆಲ್ಲ ದಡ ಹತ್ತಿ ತಾಡಪಾಲು ಹೊದ್ದು ಮಲಗಿದ ಮೇಲೆ ಬಲೆ, ಹಗ್ಗ, ಸೀಸದ ಮಣಿ ಕೇಳುವವರು ಯಾರೂ ಇರುವುದಿಲ್ಲ. ರತೀಶ ಬೆಳಿಗ್ಗೆ ಅಂಗಡಿ ಬಾಗಿಲು ತೆಗೆದು, ದೇವರ ಪಟಕ್ಕೆ ಊದುಬತ್ತಿ ಹಚ್ಚಿ, ನೈಲಾನ್ ಬಲೆಯ ಕಟ್ಟಿಗೆ ಒರಗಿ ಮೊಬೈಲು ಹಿಡಿದರೆ ಮಧ್ಯಾಹ್ನದ ಊಟಕ್ಕೇ ಏಳುವುದು. ಮೊದಲು ಕೆಲವು ದಿನ ಅಡುಗೆಯ ವಿಡಿಯೋ ನೋಡಿದ. ಆಮೇಲೆ ಆನೆಗಳದ್ದು. ಆನೆ ಮುಗಿದ ಮೇಲೆ ಬೆಳ್ಳಿ ನಾಣ್ಯದ್ದು ಬಂತು, ಬಂದದ್ದು ಹೋಗಲಿಲ್ಲ.

ಆ ವಿಡಿಯೋದಲ್ಲಿ ಕೋಟು ತೊಟ್ಟ ಒಬ್ಬ ಮಹಾನುಭಾವ ಕೈಗೆ ಬಿಳಿ ಗವಸು ಹಾಕಿಕೊಂಡು ಒಂದು ನಾಣ್ಯವನ್ನು ಹಸುಗೂಸಿನಂತೆ ಎತ್ತಿ ತೋರಿಸುತ್ತಿದ್ದ. ಇದು ಲಿಮಿಟೆಡ್ ಎಡಿಷನ್ನಂತೆ. ಇಷ್ಟೇ ನಾಣ್ಯ ಎಂದು ಮೊದಲೇ ಹೇಳಿ, ಅಷ್ಟನ್ನು ಹೊಡೆದು, ಆಮೇಲೆ ಅಚ್ಚನ್ನೇ ಒಡೆದು ಹಾಕುತ್ತಾರಂತೆ. ಬೆಳ್ಳಿಯ ಬೆಲೆ ಬೇರೆ, ನಾಣ್ಯದ ಬೆಲೆ ಬೇರೆ. ಸಂಗ್ರಹ ಮಾಡುವವರು ಇದಕ್ಕಾಗಿ ಬಡಿದಾಡುತ್ತಾರೆ, ಹರಾಜು ಕೂಗುವ ಏಲಂನಲ್ಲಿ ಹತ್ತು ಪಟ್ಟು ಕೊಡುತ್ತಾರೆ, ಇದಕ್ಕೆ ಕಲೆಕ್ಟರ್ ವ್ಯಾಲ್ಯೂ ಎನ್ನುತ್ತಾರೆ. ಒಂದೇ ಅಳತೆಯ ಬಲೆಯನ್ನು ಇಪ್ಪತ್ತು ವರ್ಷ ಒಂದೇ ಬೆಲೆಗೆ ಮಾರಿ ಬೇಸತ್ತಿದ್ದ ರತೀಶನಿಗೆ ಅಚ್ಚು ಒಡೆಯುವ ಮಾತು ಬಹಳ ಹಿಡಿಸಿತು.

ಹೀಗೆ, ಹೆಸರು ಹೇಳಲು ನಾಲಿಗೆ ತಿರುಗದ ಯಾವುದೋ ದ್ವೀಪ ದೇಶದ ಒಂದು ಔನ್ಸ್ ಬೆಳ್ಳಿಯ ನಾಣ್ಯ ಮಂಗಳೂರಿನ ಒಬ್ಬ ನಾಣ್ಯ ವ್ಯಾಪಾರಿಯ ಕೈಯಿಂದ ಕೊರಿಯರಿನಲ್ಲಿ ಉಪ್ಪುಂದಕ್ಕೆ ಬಂತು. ಒಂದು ಬದಿಯಲ್ಲಿ ಅಲೆ, ಇನ್ನೊಂದು ಬದಿಯಲ್ಲಿ ಕಾಲು ಚಾಚಿ ಈಜುತ್ತಿರುವ ಕಡಲಾಮೆ. ಪ್ರಪಂಚದಲ್ಲಿ ಇಂಥದ್ದು ಎರಡೂವರೆ ಸಾವಿರ ಮಾತ್ರ. ಕೊಟ್ಟದ್ದು ಇಪ್ಪತ್ತೊಂದು ಸಾವಿರದ ಐನೂರು. ಆ ದುಡ್ಡು ಇದ್ದದ್ದು ಹೆಂಡತಿ ಕುಸುಮಳ ಹಸಿರು ಸೀರೆಯ ಮಡಿಕೆಯಲ್ಲಿ. ಅವಳು ಹರಿದ ಬಲೆಗಳನ್ನು ಹೆಣೆದು ಹೆಣೆದು ವಾಷಿಂಗ್ ಮೆಷಿನ್ನಿಗೆಂದು ಕೂಡಿಟ್ಟದ್ದು.

"ಹ್ವಾಯ್, ಹಸ್ರ್ ಸೀರಿ ಮಡ್ಚಿಲಿದ್ ದುಡ್ಡ್ ಎಲ್ಲ್ ಹೋಯ್ತ್?" ಎಂದು ಕುಸುಮ ಕೇಳಿದಳು.

"ಹೋಯ್ಲಿಲ್ಲೆ ಕುಸುಮ. ರೂಪ ಬದ್ಲಾಯ್ತ್, ಅಷ್ಟೇ," ಎಂದು ರತೀಶ ಬಹಳ ಗಾಂಭೀರ್ಯದಿಂದ ನಾಣ್ಯ ತೋರಿಸಿದ. ಅದು ಗುಂಡಗಿನ ಪ್ಲಾಸ್ಟಿಕ್ ಡಬ್ಬಿಯೊಳಗೆ ಫಳಫಳ ಹೊಳೆಯುತ್ತಿತ್ತು.

ಕುಸುಮ ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿದಳು. "ಇದ್ರಗೆ ಬಟ್ಟಿ ತೊಳುಕಾತ್ತಾ?"

"ಒಂಚೂರ್ ತಾಳ್ಮಿ ಇರ್ಕ್ ಮಾರಾಯ್ತಿ. ಇದ್ನ ಮಾರ್ರೆ ಎರಡ್ ಮೆಷಿನ್ ಬತ್ತ್. ಒಂದ್ ನಿಂಗೆ, ಒಂದ್ ನಿನ್ ಅಮ್ಮಂಗೆ. ಇದ್ಕೆ ಕಲೆಕ್ಟರ್ ವ್ಯಾಲ್ಯೂ ಇತ್ತ್!"

ಬೇಲಿಯಾಚೆ ಒಣಮೀನು ಮಗುಚುತ್ತಿದ್ದ ಕಮಲಕ್ಕನಿಗೆ ಡಬ್ಬಿಯೊಳಗಿನ ಹೊಳಪು ಕಂಡಿತು, ಕೊನೆಯ ಮಾತು ಮಾತ್ರ ಕೇಳಿಸಿತು. ಕಮಲಕ್ಕ ಎಂದರೆ ಬಂದರಿನ ಏಲಂನಲ್ಲಿ ಮೂವತ್ತು ವರ್ಷ ಬೆಲೆ ಕೂಗಿ ಮೀನು ಹಿಡಿದವಳು. ಅವಳು ಕೂಗಿದ ಬೆಲೆಯ ಮೇಲೆ ಕೂಗಲು ಗಂಡಸರೂ ಒಮ್ಮೆ ಯೋಚನೆ ಮಾಡುತ್ತಾರೆ. ಅವಳ ಬಾಯಿಂದ ಹೊರಟ ಸುದ್ದಿ ಸಂಜೆಯೊಳಗೆ ಕೇರಿ ತುಂಬಿತು. ರತೀಶನ ಮನೆಯಲ್ಲಿ ಒಂದು ಬೆಳ್ಳಿ ಪಾವಲಿ ಇದೆ, ಅದಕ್ಕೆ ಸ್ವತಃ ಜಿಲ್ಲಾ ಕಲೆಕ್ಟರು ರೇಟು ಕಟ್ಟಿದ್ದಾರೆ.

ಕುಸುಮ ಎರಡು ದಿನ ಗಂಡನ ಹತ್ತಿರ ಮಾತಾಡಲಿಲ್ಲ. ಬರೀ ಗಂಜಿ, ಮಾವಿನ ಮಿಡಿ ಉಪ್ಪಿನಕಾಯಿ ಬಡಿಸಿದಳು, ಅದರಲ್ಲೂ ಮಿಡಿ ಇರಲಿಲ್ಲ. ಮೂರನೆಯ ದಿನ ಕದ್ದು ಕದ್ದು ನಾಣ್ಯ ನೋಡಿದಳು. ನಾಲ್ಕನೆಯ ದಿನ, "ಅಚ್ಚ್ ಒಡ್ದ್ ಹಾಕುದ್ ಹೌದಾ?" ಎಂದು ಕೇಳಿದಳು. ರತೀಶ ವಿಡಿಯೋ ಹಾಕಿ ತೋರಿಸಿದ. ಆಮೇಲೆ ಬಾವಿಕಟ್ಟೆಯಲ್ಲಿ ಸಿಕ್ಕವರಿಗೆಲ್ಲ ಅವಳೇ, "ಎರಡೂವರಿ ಸಾವ್ರ ಬಿಟ್ರೆ ಪ್ರಪಂಚದಗೇ ಇಲ್ಲೆ ಮಾರ್ರೆ," ಎಂದು ಹೇಳತೊಡಗಿದಳು. ಆದರೆ ಗಂಡನಿಗೆ ಮಾತ್ರ ಖಡಾಖಂಡಿತವಾಗಿ ಹೇಳಿದಳು: "ನವರಾತ್ರಿ ಒಳ್ಗೆ ಮೆಷಿನ್ ಮನಿಗ್ ಬರ್ಕ್. ನನ್ ಕೈ ಕಾಣಿ."

ರತೀಶ ಕಂಡ. ಬಲೆ ಹೆಣೆದು ಬೆರಳಲ್ಲಿ ಗೀರು, ಆ ಗೀರಿನ ಮೇಲೆ ಸೋಪಿನ ನೀರು. ಮರುದಿನವೇ ನಾಣ್ಯವನ್ನು ಅಂಗಡಿಯ ಕೈಚೀಲಕ್ಕೆ ಹಾಕಿಕೊಂಡು ಬ್ರಹ್ಮಾವರಕ್ಕೆ ಹೊರಟ. ಬೈಂದೂರಿನಲ್ಲಿ, ಕುಂದಾಪುರದಲ್ಲಿ ಚಿನ್ನದ ಅಂಗಡಿ ಇಲ್ಲವೆಂದಲ್ಲ. ಆದರೆ ಅಲ್ಲಿ ಒಳಗೆ ಕಾಲಿಟ್ಟರೆ ಹೊರಗೆ ಬರುವಷ್ಟರಲ್ಲಿ ಯಾರಾದರೂ ನೆಂಟರು ಎದುರಾಗಿ, ಯಾವ ಬಳೆ ಅಡವಿಟ್ಟೆ ಎಂದು ಕೇಳುತ್ತಾರೆ.

ಬ್ರಹ್ಮಾವರದ ಅಂಗಡಿಯವರು ಸಭ್ಯಸ್ಥರು. ಡಬ್ಬಿ ತೆರೆಯಲು ಹೋದರು, ರತೀಶ ಕಿರುಚಿದ. ಮುಟ್ಟಬಾರದು, ಉಸಿರು ತಾಗಬಾರದು, ತಾಗಿದರೆ ವ್ಯಾಲ್ಯೂ ಹೋಯಿತು ಎಂದು ವಿವರಿಸಿದ. ಅವರು ಡಬ್ಬಿ ಸಮೇತ ತಕ್ಕಡಿಯಲ್ಲಿಟ್ಟು, ಪ್ಲಾಸ್ಟಿಕ್ಕಿನ ತೂಕ ಅಂದಾಜಿನಲ್ಲಿ ಕಳೆದು, ಕ್ಯಾಲ್ಕುಲೇಟರ್ ಒತ್ತಿದರು.

"ಮೂವತ್ತೊಂದು ಗ್ರಾಂ. ಬೆಳ್ಳಿ ಒಳ್ಳೆದೇ ಉಂಟು. ಇವತ್ತಿನ ರೇಟಿಗೆ ಮೂರು ಸಾವಿರದ ಚಿಲ್ಲರೆ ಕೊಡಬಹುದು."

"ಅದ್ ಬೆಳ್ಳಿಗಾಯ್ತ್. ಆಮಿಗೆಷ್ಟ್?"

"ಕರಗಿಸುವಾಗ ಆಮೆ ಹೋಗ್ತದಲ್ಲ ಮಾರಾಯ್ರೆ? ಬೇಕಾದ್ರೆ ಹೆಂಗಸರಿಗೆ ಎರಡು ಜೊತೆ ಕಾಲುಂಗುರ ಮಾಡಿ ಕೊಡುವ. ಮಜೂರಿ ಜಾಸ್ತಿ ತಗೊಳ್ಳುದಿಲ್ಲ."

ಎರಡೂವರೆ ಸಾವಿರದಲ್ಲಿ ಒಂದಾದ ಆಮೆಯನ್ನು ಕಾಲುಂಗುರ ಮಾಡುವ ಮಾತು ಕೇಳಿ ರತೀಶನಿಗೆ ಅಲ್ಲಿ ನಿಲ್ಲಲಾಗಲಿಲ್ಲ. ಸಿಕ್ಕಿದ ಬಸ್ಸು ಹತ್ತಿ, ಸೀಟು ಸಿಗದೆ ಕಂಬ ಹಿಡಿದು ನಿಂತು, ಮಾರಿದ ಮಂಗಳೂರಿನವನಿಗೇ ಫೋನು ಹಚ್ಚಿದ. ಸಾಸ್ತಾನದ ಟೋಲಿನಲ್ಲಿ ಬಸ್ಸು ಸಾಲಿನಲ್ಲಿ ನಿಂತಾಗ ಫೋನು ತಾಗಿತು. ಇಂಜಿನ್ ಸದ್ದಿನ ಮೇಲೆ ಕೇಳಬೇಕಲ್ಲ, ರತೀಶ ಸಮುದ್ರದ ಎದುರು ದೋಣಿ ಕರೆಯುವ ಸ್ವರ ತೆಗೆದ.

"ಹಲೋ! ಹ್ವಾಯ್, ನಾನ್ ಉಪ್ಪುಂದದಿಂದ. ಆ ಬೆಳ್ಳಿ ಆಮಿ ಇತ್ತಲ್ದಾ, ಅದ್ನ ಮಾರೂಕಿತ್ತ್... ಇಲ್ಲೆ ಇಲ್ಲೆ, ಒಂಚೂರೂ ಗಾಯ ಆಯ್ಲಿಲ್ಲೆ. ಮೈಯೆಲ್ಲ ಹೊಳಿತಾ ಇತ್ತ್... ನೀರಾ? ಒಂದ್ ಹನಿ ನೀರ್ ತಾಗ್ಸಲಿಲ್ಲೆ ಮಾರ್ರೆ. ಗಾಳಿ ಆಡದ್ ಹಾಂಗ್ ಡಬ್ಬಿ ಒಳ್ಗೆ ಮುಚ್ಚಿ ಕಪಾಟಗ್ ಇಟ್ಟಿದೆ... ಹೌದೌದ್, ಪ್ರಪಂಚದಗೇ ಎರಡೂವರಿ ಸಾವ್ರ ಮಾತ್ರ ಇಪ್ಪುದ್, ಗೊತ್ತಿತ್ತ್... ಬ್ರಹ್ಮಾವರದಗೆ ಒಬ್ರ್ ಕರ್ಗ್ಸುವ ಅಂದ್ರ್, ನಾ ಬಿಡ್ಲಿಲ್ಲೆ!"

ಮಂಗಳೂರಿನವನು ಬೆಲೆ ಬರಬೇಕಾದರೆ ಹತ್ತು ವರ್ಷ ಇಟ್ಟುಕೊಳ್ಳಿ ಎಂದು ಹೇಳಿ ಫೋನು ಇಟ್ಟ. ಬಸ್ಸಿನವರೆಲ್ಲ ಅವನತ್ತ ತಿರುಗಿದ್ದರು. ಕಿಟಕಿ ಪಕ್ಕದಲ್ಲಿ ಕೂತಿದ್ದ ಸ್ವರ್ಣಲತಾ ಟೀಚರ್ ಮುಖ ಕೆಂಪು ಮಾಡಿಕೊಂಡಿದ್ದರು. ಅವರು ಶಾಲಾ ಮಕ್ಕಳನ್ನು ಕಟ್ಟಿಕೊಂಡು ವರ್ಷಾ ವರ್ಷಾ ಕಡಲತೀರ ಸ್ವಚ್ಛ ಮಾಡಿಸುವವರು, ಆಮೆ ಮೊಟ್ಟೆಗೆ ಬೇಲಿ ಕಟ್ಟಿಸಿದವರು. ಅವರ ಕಿವಿಗೆ ಬಿದ್ದದ್ದು ಬೆಳ್ಳಿ ಆಮೆಯಲ್ಲ, 'ಬೆಳಿ ಆಮಿ'; ಅಂದರೆ ಬಿಳಿಯ ಆಮೆ, ಪ್ರಪಂಚದಲ್ಲಿ ಎರಡೂವರೆ ಸಾವಿರ ಮಾತ್ರ ಉಳಿದಿರುವ ಬಡಪಾಯಿ ಜೀವ, ನೀರಿಲ್ಲದೆ ಡಬ್ಬಿಯೊಳಗೆ! ರತೀಶನ ಕೈಚೀಲದ ಮೇಲೆ 'ರತೀಶ ಫಿಶಿಂಗ್ ನೆಟ್ಸ್, ಉಪ್ಪುಂದ' ಎಂದು ದೊಡ್ಡ ಅಕ್ಷರದಲ್ಲಿ ಅಚ್ಚಾಗಿತ್ತು, ಕೆಳಗೆ ಮೊಬೈಲ್ ನಂಬರೂ ಇತ್ತು. ಟೀಚರ್ ಸಾಲಿಗ್ರಾಮದಲ್ಲಿ ಇಳಿದವರೇ ಅರಣ್ಯ ಇಲಾಖೆಗೆ ಫೋನು ಮಾಡಿದರು.

ಮರುದಿನ ಬೆಳಿಗ್ಗೆ ರತೀಶನ ಮನೆಯೆದುರು ಜೀಪು ನಿಂತಿತು. ಫಾರೆಸ್ಟ್ ಗಾರ್ಡ್ ರಾಘವೇಂದ್ರ ಇಳಿದರು. ಹಿಂದಿನಿಂದ ಇಬ್ಬರು ಸಮುದ್ರದ ನೀರು ತುಂಬಿದ ನೀಲಿ ಟಬ್ಬನ್ನೂ ಒದ್ದೆ ಗೋಣಿಚೀಲವನ್ನೂ ಹೊತ್ತುಕೊಂಡು ಇಳಿದರು.

"ರತೀಶ್ ಅಂದ್ರೆ ನೀವಾ? ನಿಮ್ಮಲ್ ಬೆಳಿ ಆಮಿ ಇತ್ತಂಬ್ರಲ್ಲೆ?"

ಜೀಪು, ಖಾಕಿ ಬಟ್ಟೆ, ಸರ್ಕಾರಿ ಗತ್ತು. ರತೀಶನ ಮುಖ ಅರಳಿತು. ಗಿರಾಕಿ ಬಂದಿದ್ದಾನೆ, ಅದೂ ಸಾಮಾನ್ಯದವನಲ್ಲ! "ಬನ್ನಿ ಸರ್, ಬನ್ನಿ. ಕುಸುಮಾ, ಚಾ ಮಾಡ್! ನಿಮ್ನ ಕಲೆಕ್ಟರ್ ಕಳ್ಸದ್ದಾ ಸರ್?"

ರಾಘವೇಂದ್ರ ಒಂದು ಹೆಜ್ಜೆ ಹಿಂದೆ ಸರಿದರು. "ಕಲೆಕ್ಟರಿಗೂ ಗೊತ್ತಿತ್ತಾ ಈ ವಿಷ್ಯ?"

"ಊರಿಗೇ ಗೊತ್ತಿತ್ತ್ ಸರ್. ಅಡ್ಗ್ಸೂಕೆ ಎಂತ ಇತ್ತ್?"

ಹದಿನೆಂಟು ವರ್ಷದ ಸರ್ವಿಸಿನಲ್ಲಿ ರಾಘವೇಂದ್ರ ಇಷ್ಟು ಸಂತೋಷವಾಗಿ ಒಪ್ಪಿಕೊಂಡ ಆರೋಪಿಯನ್ನು ಕಂಡಿರಲಿಲ್ಲ. ಅವರು ಧ್ವನಿ ಬಿಗಿ ಮಾಡಿದರು. "ಎಷ್ಟಿತ್ತ್?"

"ಒಂದೇ ಸರ್. ಇನ್ನೊಂದ್ ತಕಂಬ ಅಂದೇಳಿ ಇದ್ದೆ. ಹೆಂಡ್ತಿ ಬಿಡ್ಲಿಲ್ಲೆ."

"ಜೀವ ಇತ್ತಾ?"

"ಜೀವ ಅಂದ್ರೆ ಜೀವ ಸರ್! ಕಂಡ್ರೆ ಈಗ್ಲೇ ಈಜಿ ಬತ್ತ್ ಅಂದೇಳಿ ಕಾಂತ್."

"ಎಲ್ಲಿಟ್ಟಿದ್ರಿ?"

"ಕಪಾಟಗೆ. ಸೀರಿ ಮಡ್ಚಿ ಒಳ್ಗೆ."

ಟಬ್ಬು ಹಿಡಿದಿದ್ದ ಇಬ್ಬರಲ್ಲಿ ಒಬ್ಬ ಲೊಚಗುಟ್ಟಿದ. ರಾಘವೇಂದ್ರ ಕಣ್ಣು ಮುಚ್ಚಿ ತೆರೆದರು. "ನೀರ್?"

"ಶಿವ ಶಿವ! ನೀರ್ ತಾಗಿರೆ ಕಪ್ಪಾತ್ತ್ ಸರ್. ಮತ್ ಯಾರೂ ಮೂಸಿ ಕಾಂಬುದಿಲ್ಲೆ."

"ಹ್ವಾಯ್, ಇದ್ಕೆ ಏಳ್ ವರ್ಷ ಆತ್ತ್, ಗೊತ್ತಿತ್ತಾ ನಿಮ್ಗೆ?" ಎಂದು ರಾಘವೇಂದ್ರ ಜೈಲಿನ ಲೆಕ್ಕ ಹೇಳಿದರು.

"ಏಳೇ ಏಳಾ?" ರತೀಶ ಕೈಮುಗಿದ. "ಮಂಗ್ಳೂರಿನವ್ರ್ ಹತ್ತ್ ವರ್ಷ ಅಂದಿದ್ರ್ ಸರ್. ಏಳ್ ವರ್ಷಕ್ಕೇ ಆರೆ ದೇವ್ರ್ ದೊಡ್ಡವ."

ಇಷ್ಟರಲ್ಲಿ ಬೇಲಿಯ ಸುತ್ತ ಅರ್ಧ ಕೇರಿ ನೆರೆದಿತ್ತು. ಕುಸುಮ ಒಂದು ಕೈಯಲ್ಲಿ ಚಹಾದ ತಟ್ಟೆ, ಇನ್ನೊಂದು ಕೈಯಲ್ಲಿ ನಾಣ್ಯದ ಡಬ್ಬಿ ಹಿಡಿದು ಹೊರಗೆ ಬಂದಳು. ರಾಘವೇಂದ್ರ ಡಬ್ಬಿ ನೋಡಿದರು. ಟಬ್ಬು ನೋಡಿದರು. ಟಬ್ಬಿನ ನೀರಿನಲ್ಲಿ ಸಣ್ಣದೊಂದು ಏಡಿ ಮಾತ್ರ ಅತ್ತಿತ್ತ ಓಡಾಡುತ್ತಿತ್ತು.

"ಇದಾ ಆಮಿ?"

"ಇದೇ ಸರ್. ಒರಿಜಿನಲ್."

ಬೇಲಿಯ ಹತ್ತಿರ ಯಾರಿಗೋ ನಗು ತಡೆಯಲಾಗಲಿಲ್ಲ, ನಗು ಸಾಲು ಹಿಡಿದು ಕೊನೆಯವನವರೆಗೂ ಹೋಯಿತು. ರಾಘವೇಂದ್ರ ಚಹಾ ತೆಗೆದುಕೊಂಡು, ಜೀಪಿನ ಬಾನೆಟ್ಟಿಗೆ ಒರಗಿ ಮೇಲಿನವರಿಗೆ ಫೋನು ಮಾಡಿದರು. "ಆಮಿ ಸಿಕ್ತ್ ಸರ್... ಇಲ್ಲ ಸರ್, ಜೀವ ಇಲ್ಲ... ಅಯ್ಯೋ, ಸತ್ತದ್ದಲ್ಲ ಸರ್, ಮೊದ್ಲಿಂದ್ಲೂ ಇರ್ಲಿಲ್ಲ!" ಇದನ್ನು ವಿವರಿಸುವಷ್ಟರಲ್ಲಿ ಅವರ ಚಹಾ ತಣ್ಣಗಾಗಿತ್ತು.

ವಿಷಯ ಇಲ್ಲಿಗೆ ಮುಗಿಯಬೇಕಿತ್ತು. ಆದರೆ ಕಮಲಕ್ಕ ಮುಂದೆ ಬಂದು ನಾಣ್ಯ ನೋಡಿದಳು, ನೋಡಿದವಳೇ ಸೆರಗು ತಲೆಗೆ ಹೊದ್ದು ಕೈಮುಗಿದಳು. "ಅಯ್ಯೋ ದೇವ್ರೆ! ಪಾವ್ಲಿ ಅಂದೇಳಿ ಮಾಡಿದ್ದೆ. ಇದ್ ಆಮಿ ಅಲ್ದಾ? ಸಾಕ್ಷಾತ್ ಕೂರ್ಮ! ಇದ್ನ ಮಾರೂಕ್ ಹೊರ್ಟದ್ದಾ ನೀನ್?"

ಗುಂಪಿನ ನಗು ನಿಂತಿತು. ಆಮೆ ಬಲೆಗೆ ಬಿದ್ದರೆ ಈ ಕಡೆಯವರು ಅದಕ್ಕೆ ಕುಂಕುಮ ಹಚ್ಚಿ, ತೆಂಗಿನಕಾಯಿ ಒಡೆದು, ಕೈಮುಗಿದು ಕಡಲಿಗೆ ಬಿಡುತ್ತಾರೆ. ಬಲೆ ಹರಿದರೂ ಬೈಯುವುದಿಲ್ಲ. ಆಮೆಯನ್ನು ಮಾರಿದವರ ಬಲೆಗೆ ಮತ್ತೆ ಮೀನು ಬೀಳುವುದಿಲ್ಲ ಎಂದು ನಂಬಿಕೆ. ರತೀಶನ ಅಂಗಡಿಯಿಂದಲೇ ಎಲ್ಲರ ಮನೆಗೂ ಬಲೆ ಹೋಗುವುದು. ಅವನು ಆಮೆ ಮಾರಿದರೆ ಆ ಬಲೆಗಳ ಗತಿ ಏನು?

"ಕಡ್ಲಿಗ್ ಬಿಡಿ," ಎಂದು ಯಾರೋ ಹಿಂದಿನಿಂದ ಕೂಗಿದರು.

"ಇದ್ ಈಜುದಿಲ್ಲೆ ಮಾರ್ರೆ! ಮುಳುಗ್ತ್!" ಎಂದು ಕುಸುಮ ಡಬ್ಬಿಯನ್ನು ಎದೆಗೆ ಒತ್ತಿಕೊಂಡಳು.

"ನಮ್ ರೂಲ್ ಪ್ರಕಾರಾನೂ ಕಡ್ಲಿಗ್ ಬಿಡೂದೇ ಸರಿ," ಎಂದು ರಾಘವೇಂದ್ರ ಅಭ್ಯಾಸಬಲದಿಂದ ಹೇಳಿ, ಆಮೇಲೆ ನಾಲಿಗೆ ಕಚ್ಚಿಕೊಂಡರು.

ಆಗ ಬಂದವನು ಪ್ರವೀಣ. ಈ ಪ್ರವೀಣನಿಗೆ ಎರಡು ಉದ್ಯೋಗ. ಬೆಳಿಗ್ಗೆ ಬಂದರಿನಲ್ಲಿ ಮೀನು ಏಲಂ ಹಾಕುವ ದಲ್ಲಾಳಿ, ಸಂಜೆ ಭಜನಾ ಮಂಡಳಿಯ ಅಧ್ಯಕ್ಷ. ಎರಡಕ್ಕೂ ಒಂದೇ ಗಂಟಲು. ಅವನು ಎರಡೂ ಕಡೆಯವರ ಮಾತು ಕೇಳಿ, ಕೈಯೆತ್ತಿ ತೀರ್ಪು ಕೊಟ್ಟ. "ಮಾರೂದೂ ಬ್ಯಾಡ, ಕಡ್ಲಿಗ್ ಹಾಕುದೂ ಬ್ಯಾಡ. ಬಪ್ಪ ವಾರ ನಮ್ ಏಕಾಹ ಭಜನೆ ಇತ್ತಲ್ದಾ? ಅಲ್ಲ್ ನಾನೇ ಏಲಂ ಹಾಕ್ತೆ. ರತೀಶಣ್ಣಂಗೂ ಒಳ್ಳೇದಾತ್ತ್, ಊರಿಗೂ ಒಳ್ಳೇದಾತ್ತ್."

ರತೀಶನ ಕಿವಿಗೆ 'ಏಲಂ' ಎಂಬ ಒಂದೇ ಶಬ್ದ ಬಿತ್ತು. ವಿಡಿಯೋದ ಕೋಟಿನವನು ಹೇಳಿದ್ದೂ ಏಲಂ. ಬ್ರಹ್ಮಾವರದ ತಕ್ಕಡಿಗೆ ತಿಳಿಯದ ಬೆಲೆ ಹೊರಗೆ ಬರುವುದು ಏಲಂನಲ್ಲೇ. ಅವನ ಕಣ್ಣಿಗೆ ಕಂಡದ್ದು ಬಂದರಿನ ಪ್ರವೀಣ. ಮೀನು ತಂದವನಿಗೆ ಕಮಿಷನ್ ಕಡಿದು ಕೈಗೆ ದುಡ್ಡು ಎಣಿಸುವ ಪ್ರವೀಣ.

ಕುಸುಮಳಿಗೆ ಮಾತ್ರ ಸಂಶಯ. "ಹ್ವಾಯ್, ಮಂದಿರದ್ ಏಲಂ ದುಡ್ಡ್ ದೇವ್ರಿಗಲ್ದಾ?"

"ಅದ್ ಕುಂಬ್ಳಕಾಯಿದ್ ದೇವ್ರಿಗೆ. ಕುಂಬ್ಳಕಾಯಿ ಹರ್ಕಿದ್. ನಂದ್ ಹರ್ಕಿ ಅಲ್ಲ, ಇನ್ವೆಸ್ಟ್‌ಮೆಂಟ್," ಎಂದು ರತೀಶ ಹೆಂಡತಿಯ ಅಜ್ಞಾನಕ್ಕೆ ಮರುಕಪಟ್ಟ. "ನೂರಕ್ ಐದ್ ಕಮಿಷನ್ ಹೋದ್ರೂ ಮೆಷಿನ್ ಬತ್ತ್ ಕಾಣ್."

ಏಕಾಹ ಭಜನೆಯೆಂದರೆ ಒಂದು ಸೂರ್ಯೋದಯದಿಂದ ಇನ್ನೊಂದು ಸೂರ್ಯೋದಯದವರೆಗೆ ತಾಳ ನಿಲ್ಲದ ಭಜನೆ. ಮಂಗಳಾರತಿಯಾಗಿ, ಊಟಕ್ಕೆ ಎಲೆ ಹಾಕುವ ಮೊದಲು ಏಲಂ. ಆ ದಿನ ಮಂದಿರದಲ್ಲಿ ಕಾಲಿಡಲು ಜಾಗವಿರಲಿಲ್ಲ. ಗಂಡಸರು ಎಡಕ್ಕೆ, ಹೆಂಗಸರು ಬಲಕ್ಕೆ, ನಡುವೆ ಸೌತೆಕಾಯಿ, ಕುಂಬಳಕಾಯಿ, ಬಾಳೆಗೊನೆಗಳ ರಾಶಿ. ರತೀಶ ಇಸ್ತ್ರಿ ಮಾಡಿದ ಅಂಗಿ ಹಾಕಿ ಮುಂದಿನ ಸಾಲಿನಲ್ಲಿ ಕೂತಿದ್ದ. ಪಕ್ಕದಲ್ಲಿ ಅವನ ಸ್ನೇಹಿತ ಸುಜಿತ್, ಐಸ್ ಟೆಂಪೋ ಓಡಿಸುವವನು.

ಕುಂಬಳಕಾಯಿ ಆರುನೂರಕ್ಕೆ ಹೋಯಿತು. ಪೇಟೆಯಲ್ಲಿ ಮೂವತ್ತು ರೂಪಾಯಿಯ ಕುಂಬಳಕಾಯಿ! ರತೀಶ ತೊಡೆ ತಟ್ಟಿಕೊಂಡ. ಇದೇ ಅಲ್ಲವೇ ಕಲೆಕ್ಟರ್ ವ್ಯಾಲ್ಯೂ? ಬಾಳೆಗೊನೆ ಎರಡು ಸಾವಿರಕ್ಕೆ ಹೋದಾಗ ಅವನು ಮನಸ್ಸಿನಲ್ಲೇ ಎರಡು ವಾಷಿಂಗ್ ಮೆಷಿನ್ನುಗಳಿಗೆ ಮನೆಯಲ್ಲಿ ಜಾಗ ಹುಡುಕತೊಡಗಿದ. ಅಷ್ಟರಲ್ಲಿ ಅರ್ಚಕರು, ರತೀಶ ಮುಂಚೆಯೇ ತಂದುಕೊಟ್ಟಿದ್ದ ನಾಣ್ಯವನ್ನು ಗರ್ಭಗುಡಿಯಿಂದ ತಂದರು. ದೇವರ ಮುಂದೆ ಪ್ಲಾಸ್ಟಿಕ್ ಇಡಬಾರದೆಂದು ಡಬ್ಬಿ ಬಿಚ್ಚಿ ಎಸೆದಿದ್ದರು. ತೀರ್ಥದಲ್ಲಿ ಮೀಯಿಸಿ, ಆಮೆಯ ಬೆನ್ನಿಗೆ ಅರಿಶಿನ, ತಲೆಗೆ ಕುಂಕುಮ ಹಚ್ಚಿದ್ದರು.

ರತೀಶನ ಗಂಟಲಿನಿಂದ ಹೊರಟ ಸದ್ದನ್ನು ಪಕ್ಕದವರು ಭಕ್ತಿ ಎಂದು ತಿಳಿದರು. ಪ್ರವೀಣ ಮೈಕು ಹಿಡಿದ. ಮೈಕು ಕೈಗೆ ಬಂದರೆ ಅವನ ಭಾಷೆ ಬದಲಾಗುತ್ತದೆ.

"ಭಕ್ತ ಮಹಾಶಯರೇ, ನಮ್ಮೂರಿನ ಶ್ರೀ ರತೀಶ್ ಅವರು ಭಗವಂತನಿಗೆ ಭಕ್ತಿಪೂರ್ವಕವಾಗಿ ಸಮರ್ಪಿಸಿದ ಬೆಳ್ಳಿಯ ಕೂರ್ಮ!"

ಚಪ್ಪಾಳೆ ಬಿತ್ತು. ರತೀಶ ಸುಜಿತನ ತೋಳು ಹಿಡಿದ. "ಸಮರ್ಪಿಸಿದ ಅಂದ್ರೆ ಎಂತದಾ?"

"ಕೊಟ್ಟದ್ದ್."

"ದುಡ್ಡ್ ನಂಗ್ ವಾಪಾಸ್ ಬತ್ತಲ್ದಾ?"

"ದೇವ್ರಿಗ್ ಕೊಟ್ ಮೇಲ್ ಎಂತ ವಾಪಾಸ್? ಬಾಳಿಗೊನಿಯವ್ರ್ ವಾಪಾಸ್ ಕೇಂಡ್ರಾ?"

ರತೀಶನ ಇಸ್ತ್ರಿ ಅಂಗಿ ಒಂದೇ ಕ್ಷಣದಲ್ಲಿ ಬೆನ್ನಿಗೆ ಅಂಟಿತು. ಎದ್ದು ನಿಂತು, ನಾನು ಕೊಟ್ಟದ್ದಲ್ಲ, ವಾಪಸ್ ಕೊಡಿ ಎನ್ನಬಹುದಿತ್ತು. ಆದರೆ ನಾನೂರು ಜನ ಅವನನ್ನೇ ನೋಡಿ ಚಪ್ಪಾಳೆ ತಟ್ಟುತ್ತಿದ್ದರು. ಆ ಕಡೆ ಹೆಂಗಸರ ನಡುವೆ ಕುಸುಮಳ ಮುಖ ಕಂಬದ ಹಿಂದೆ ಮರೆಯಾಗಿತ್ತು. ಅವಳ ಮೆಷಿನ್ನು ಈಗ ದೇವರ ಪಾಲು. ಉಳಿದ ದಾರಿ ಒಂದೇ, ತನ್ನ ನಾಣ್ಯವನ್ನು ತಾನೇ ಹಿಡಿಯುವುದು. ಕೊಟ್ಟವನೇ ಕೂಗಿದರೆ ಮರ್ಯಾದೆ ಇರುತ್ತದೆಯೇ? ಅವನು ಸುಜಿತನ ಕಿವಿಯಲ್ಲಿ ಪಿಸುಗುಟ್ಟಿದ. "ನೀ ಕೂಗ್. ದುಡ್ಡ್ ನಾ ಕೊಡ್ತೆ. ಹೆಸ್ರ್ ಹೇಳ್ಬೇಡ."

ಅಷ್ಟರಲ್ಲಿ ನಾಣ್ಯ ನೋಡಲೆಂದು ಕೈಯಿಂದ ಕೈಗೆ ಹೊರಟಿತ್ತು. ಪಂಚಕಜ್ಜಾಯ ತಿಂದ ಕೈ, ಬಾಳೆಹಣ್ಣು ಸುಲಿದ ಕೈ, ಮೂಗು ಒರೆಸಿದ ಕೈ, ಎಲ್ಲರೂ ಅದನ್ನು ಹಿಡಿದು ಕಣ್ಣಿಗೆ ಒತ್ತಿಕೊಂಡರು. ಒಬ್ಬೊಬ್ಬರು ಮುಟ್ಟಿದಾಗಲೂ ರತೀಶ ಮನಸ್ಸಿನಲ್ಲೇ ಸಾವಿರ ಸಾವಿರ ಕಳೆಯುತ್ತಿದ್ದ. ವಿಚಿತ್ರವೆಂದರೆ, ಮುಟ್ಟಿದಷ್ಟೂ ಬೆಲೆ ಏರುತ್ತಿತ್ತು. ಐನೂರ ಒಂದರಿಂದ ಶುರುವಾದದ್ದು ಹೆಂಗಸರ ಕಡೆಗೆ ಹೋಗುವಷ್ಟರಲ್ಲಿ ಎಂಟು ಸಾವಿರವಾಯಿತು. ಅಲ್ಲಿ ಉಳಿದವರೆಲ್ಲ ಸುಮ್ಮನಾದರು.

"ಒಂಬತ್ತ್!" ಎಂದ ಸುಜಿತ್.

"ಹತ್ತ್!" ಬಲಗಡೆಯಿಂದ ಒಂದು ಸ್ವರ. ಕಮಲಕ್ಕ!

ಸುಜಿತನಿಗೂ ಕಮಲಕ್ಕನಿಗೂ ಬಂದರಿನಲ್ಲಿ ಹಳೆಯ ಲೆಕ್ಕ. ಬಂಗುಡೆ ಏಲಂನಲ್ಲಿ ಅವಳ ಮೇಲೆ ಒಮ್ಮೆಯೂ ಗೆದ್ದವನಲ್ಲ ಅವನು. ಬೇರೆಯವನ ದುಡ್ಡಿನಲ್ಲಿ ಗೆಲ್ಲುವ ಅವಕಾಶ ಎಲ್ಲರಿಗೂ ಸಿಗುವುದಿಲ್ಲ. ಅವನು ಪಂಚೆ ಎತ್ತಿ ಕಟ್ಟಿ ಎದ್ದು ನಿಂತ.

"ಹನ್ನೆರಡ್!"

"ಹದಿನೈದ್!"

"ಹದಿನೆಂಟ್!"

"ಇಪ್ಪತ್ತ್!" ಕಮಲಕ್ಕ ವೀಳ್ಯದೆಲೆ ಜಗಿಯುವುದನ್ನೂ ನಿಲ್ಲಿಸಿರಲಿಲ್ಲ.

"ಇಪ್ಪತ್ತೆರಡ್!"

ಇಪ್ಪತ್ತೊಂದೂವರೆ ದಾಟಿತು! ಅಷ್ಟೆಲ್ಲ ಸಂಕಟದಲ್ಲೂ ರತೀಶನಿಗೆ ಒಂದು ಕ್ಷಣ ಸ್ವರ್ಗ ಕಂಡಿತು. ಕೋಟಿನವನು ಹೇಳಿದ್ದು ನಿಜ, ಬ್ರಹ್ಮಾವರದವನಿಗೆ ಏನೂ ಗೊತ್ತಿಲ್ಲ. ಮರುಕ್ಷಣ ಆ ಇಪ್ಪತ್ತೆರಡನ್ನು ಕೊಡಬೇಕಾದವನು ತಾನೇ ಎಂದು ನೆನಪಾಗಿ ಸುಜಿತನ ಪಂಚೆ ಜಗ್ಗಿದ. ಸುಜಿತ್ ಅದನ್ನು ಪ್ರೋತ್ಸಾಹ ಎಂದು ತಿಳಿದ.

"ಇಪ್ಪತ್ತೈದ್!"

ಹೆಂಗಸರ ಕಡೆ ಏನೋ ಗುಸುಗುಸು ನಡೆಯಿತು, ಯಾರೋ ಕಮಲಕ್ಕನನ್ನು ಚಿವುಟಿದಂತೆ ಕಂಡಿತು. ಅವಳು ಎಲೆಯಡಿಕೆ ಒಂದು ದವಡೆಗೆ ಸರಿಸಿ, "ಇಪ್ಪತ್ತಾರ್!" ಎಂದಳು.

ರತೀಶ ಎರಡೂ ಕೈಯಿಂದ ಸುಜಿತನ ಪಂಚೆ ಹಿಡಿದು ಎಳೆದ. ಇನ್ನೊಂದು ಬೆಲೆ ಕೂಗಿದ್ದರೆ ಪಂಚೆ ಬಿಚ್ಚುತ್ತಿತ್ತು. ಸುಜಿತ್ ಮಾನ ಉಳಿಸಿಕೊಳ್ಳಲು ಕೂತ.

"ಇಪ್ಪತ್ತಾರು ಒಂದು ಸರ್ತಿ! ಎರಡು ಸರ್ತಿ! ಮೂರು ಸರ್ತಿ!" ಪ್ರವೀಣ ಜಾಗಟೆ ಹೊಡೆಸಿದ. ರತೀಶ ತಲೆ ತಗ್ಗಿಸಿದ. ನಾಣ್ಯವೂ ಹೋಯಿತು, ಮೆಷಿನ್ನೂ ಹೋಯಿತು. ಮನೆಗೆ ಹೋಗಿ ಕುಸುಮಳ ಮುಖ ನೋಡುವುದು ಹೇಗೆ ಎಂದು ಅವನಿಗೆ ತಿಳಿಯಲಿಲ್ಲ, ಕಣ್ಣಲ್ಲಿ ನೀರು ಬಂತು.

"ಕಮಲಕ್ಕ, ನಿಮ್ ಹೆಸ್ರಿಗೇ ಅಲ್ದಾ?" ಎಂದು ಪ್ರವೀಣ ಮೈಕಿನಲ್ಲೇ ಕೇಳಿದ.

"ನಂಗೆಂತಕಾ ಇಷ್ಟ್ ದುಡ್ಡಿನ್ ಆಮಿ? ನಾ ಕೂಗದ್ ಕುಸುಮಂಗೆ!"

"ಯಾವ್ ಕುಸುಮ?"

"ಆಮಿ ಕೊಟ್ಟವ್ನ್ ಹೆಂಡ್ತಿ ಕುಸುಮ!"

ಮೊದಲು ಯಾರಿಗೂ ಅರ್ಥವಾಗಲಿಲ್ಲ. ಆಮೇಲೆ ಸುಜಿತ್, "ಹಂಗಾರೆ ನಾ ಕೂಗದ್ ಇವ್ನಿಗಲ್ದಾ!" ಎಂದು ಬಾಯಿಬಿಟ್ಟ. ಮಂದಿರ ಬಿದ್ದು ಬಿದ್ದು ನಕ್ಕಿತು. ತಾಳ ಹಿಡಿದವರು ನಗುತ್ತಾ ತಾಳ ಬೀಳಿಸಿದರು. ಅರ್ಚಕರು ನಗಬಾರದೆಂದು ಗರ್ಭಗುಡಿಯ ಕಡೆ ತಿರುಗಿದರು, ಅವರ ಹೆಗಲು ಮಾತ್ರ ಕುಣಿಯುತ್ತಿತ್ತು. ಊರಿನ ಚರಿತ್ರೆಯಲ್ಲೇ ಮೊದಲ ಬಾರಿಗೆ, ವಸ್ತು ಕೊಟ್ಟವರಿಗೆ ಒಂದು, ವಸ್ತು ಹಿಡಿದವರಿಗೆ ಒಂದು ಎಂದು ಎರಡು ಶಾಲು ಒಂದೇ ಮನೆಗೆ ಹೋಯಿತು.

ಊಟ ಮುಗಿಸಿ ಮನೆ ದಾರಿಯಲ್ಲಿ ಇಬ್ಬರೂ ಶಾಲು ಹೊದ್ದು ನಡೆದರು. ನಾಣ್ಯ ಕುಸುಮಳ ಮುಷ್ಟಿಯಲ್ಲಿತ್ತು.

"ಇಷ್ಟ್ ದುಡ್ಡ್ ನಿಂಗೆ ಎಲ್ಲಿಂದ ಬಂತ್?" ರತೀಶ ಮೆಲ್ಲಗೆ ಕೇಳಿದ.

"ಹಸ್ರ್ ಸೀರಿಯಗ್ ಇದ್ದದ್ದ್ ಮೇಲಿಂದ ಬಟ್ಟಿ ಹಾಕು ಮೆಷಿನಿಗೆ. ನಂಗೆ ಮುಂದಿಂದ ಬಾಗ್ಲಿಪ್ಪುದ್ ಬೇಕಿತ್ತ್. ಅದ್ಕೆ ನೀಲಿ ಸೀರಿಯಗ್ ಬೇರೆ ಇಟ್ಟಿದ್ದೆ."

"ಅದ್ನೂ ಹಾಕಿದ್ಯಾ? ಎಂತಕೆ ಕುಸುಮ?"

"ಎಂತಕೆ ಅಂದ್ರೆ?" ಅವಳು ನಿಂತಳು. "ನೀವೇ ಹೇಳಿದ್ರಲ್ಲೆ, ಎರಡೂವರಿ ಸಾವ್ರ ಬಿಟ್ರೆ ಪ್ರಪಂಚದಗೇ ಇಲ್ಲೆ ಅಂದೇಳಿ. ಅಚ್ಚೇ ಒಡ್ದ್ ಹಾಕಿರ್ ಅಂದೇಳಿ. ಬೇರೆಯವ್ರಿಗ್ ಬಿಡೂಕಾತ್ತಾ?"

ವಿಡಿಯೋದವನು, ಮಂಗಳೂರಿನವನು, ಬ್ರಹ್ಮಾವರದವನು, ಯಾರೂ ಕೊಡದ ಬೆಲೆಯನ್ನು ಅವನ ಮಾತು ನಂಬಿ ಕೊಟ್ಟವಳು ಇವಳೊಬ್ಬಳೇ. ಅವನು ಆ ಮಳೆಗಾಲದಲ್ಲಿ ಮೊದಲ ಸಲ ನಿಜ ಹೇಳಿದ. "ಅದ್ಕೆ ಅಷ್ಟ್ ಬೆಲಿ ಇತ್ತಾ ಇಲ್ಯಾ, ನಂಗೇ ಗೊತ್ತಿಲ್ಲೆ ಕುಸುಮ."

"ನಾ ಕೊಟ್ಟಿದೆ ಅಲ್ದಾ? ಹಂಗಾರೆ ಇತ್ತ್."

"ಹಾಂಗಾರೆ ನಾಳೆಯೇ ಇನ್ನೊಬ್ರಿಗ್ ಮಾರಿ—"

"ಥೂ! ದೇವ್ರ ಪ್ರಸಾದ ಯಾರಾರೂ ಮಾರ್ತ್ರಾ?" ಎಂದು ಅವಳು ಆಮೆಯನ್ನು ಕಣ್ಣಿಗೊತ್ತಿ ಸೆರಗಿಗೆ ಗಂಟು ಹಾಕಿದಳು. ಹೀಗೆ ಬೆಲೆ ಸಿದ್ಧವಾದ ಗಳಿಗೆಯಲ್ಲೇ ಅದನ್ನು ಮಾರುವ ದಾರಿ ಶಾಶ್ವತವಾಗಿ ಮುಚ್ಚಿತು.

ನಾಲ್ಕು ಹೆಜ್ಜೆ ನಡೆದ ಮೇಲೆ ರತೀಶ ಕೇಳಿದ. "ಹಂಗಾರೆ ಮೆಷಿನ್?"

ಕುಸುಮ ಅವನನ್ನು ಕಾಲಿನಿಂದ ತಲೆಯವರೆಗೆ, ಅಂಗಡಿಯಲ್ಲಿ ಸಾಮಾನು ನೋಡುವಂತೆ ಒಮ್ಮೆ ನೋಡಿದಳು.

ಮರುದಿನ ಬೆಳಿಗ್ಗೆ ರತೀಶನ ಹಿತ್ತಲಿನಿಂದ ಧಬ್ ಧಬ್ ಎಂದು ಬಟ್ಟೆ ಕಲ್ಲಿಗೆ ಬಡಿಯುವ ಸದ್ದು, ಅದರ ಜೊತೆಗೆ ಏದುಸಿರು ಕೇಳುತ್ತಿತ್ತು. ಕುಸುಮ ಮೆಟ್ಟಿಲ ಮೇಲೆ ಕೂತು ಚಹಾ ಕುಡಿಯುತ್ತಿದ್ದಳು. ಕಮಲಕ್ಕ ಬೇಲಿಯ ಮೇಲಿಂದ ಕತ್ತು ಚಾಚಿದಳು.

"ಹ್ವಾಯ್ ಕುಸುಮ, ಮೆಷಿನ್ ಬಂತಾ?"

"ಬಂತ್ ಅಕ್ಕ. ಕರೆಂಟ್ ಬ್ಯಾಡ, ಮಧ್ಯ ಮಧ್ಯ ಒಂದೊಂದ್ ಚಾ ಹಾಕಿರೆ ಸಾಕ್. ಶಬ್ದ ಒಂದ್ ಜಾಸ್ತಿ ಬಿಟ್ರೆ, ಅಡ್ಡಿಲ್ಲೆ."